ಹತ್ತು ವರ್ಷ ಮಾಗಿದ್ದು

ಚುರುಟು ಹಳತಾದಷ್ಟೂ ರುಚಿ ಹೆಚ್ಚುತ್ತದೆಯೇ ಎಂದು ಕೇಳಿಕೊಂಡು ನಮ್ಮ ಕಾರ್ಖಾನೆಗೆ ಬಂದವರನ್ನೆಲ್ಲ ದೊಡ್ಡಪ್ಪನ ಹತ್ತಿರ ಕಳಿಸುತ್ತಿದ್ದರು. ಸುತ್ತಿ ಮುಗಿಸಿದ ಚುರುಟುಗಳನ್ನು ಇಟ್ಟು ಮಾಗಿಸುವ ಕೋಣೆ ಮೂವತ್ತೊಂದು ವರ್ಷ ಅವರ ಕೈಯಲ್ಲಿತ್ತು. ಕಿಟಕಿಯಿಲ್ಲದ ತಣ್ಣನೆಯ ಕೋಣೆ. ನೆಲದಿಂದ ಸೂರಿನವರೆಗೆ ದೇವದಾರು ಹಲಗೆಯ ಗೂಡುಗಳು, ಮೂಲೆಗಳಲ್ಲಿ ನೀರು ತುಂಬಿದ ಅಗಲವಾದ ತಟ್ಟೆಗಳು, ಗೋಡೆಯ ಮೇಲೆ ಗಾಳಿಯ ತೇವ ತೋರಿಸುವ ಒಂದು ಮುಳ್ಳು. ದೊಡ್ಡಪ್ಪ ದಿನಕ್ಕೆ ಮೂರು ಸಲ ಗೂಡು ಗೂಡಿನ ಮುಂದೆ ನಿಂತು, ಚುರುಟು ಒಂದೇ ಮಗ್ಗುಲಿಗೆ ಚಪ್ಪಟೆಯಾಗದಂತೆ ಹೊರಳಿಸಿ, ಮೂಸಿ, ಮತ್ತೆ ಇಡುತ್ತಿದ್ದರು. ಮಗು ಮಲಗಿಸುವವರೂ ಅಷ್ಟು ಮೆಲ್ಲಗೆ ಇಡುವುದಿಲ್ಲ. ಬೀಗದ ಕೈ ಸದಾ ಸೊಂಟದಲ್ಲಿರುತ್ತಿದ್ದರಿಂದ ಕೆಲಸದವರಿಗೆಲ್ಲ ಅವರು ಬೀಗದಣ್ಣ.

ಕೇಳಿದವರಿಗೆ ಅವರ ಉತ್ತರ ಎಂದೂ ಬದಲಾಗಲಿಲ್ಲ. ಮಾಗುವುದು ಬೇರೆ, ಹಳತಾಗುವುದು ಬೇರೆ. ಹೊಸ ಚುರುಟಿನಲ್ಲಿ ಘಾಟು ಮುಂದಿರುತ್ತದೆ, ರುಚಿ ಹಿಂದಿರುತ್ತದೆ. ಎರಡು ಮೂರು ವರ್ಷ ಸುಮ್ಮನೆ ಬಿಟ್ಟರೆ ಒಳಗಿನ ಎಲೆಯ ಎಣ್ಣೆ ನಡುವಿನ ಎಲೆಗೆ, ಅದರದು ಹೊರಗಿನ ಎಲೆಗೆ ಇಳಿದು, ಮೂರಕ್ಕೂ ಹೊಂದಾಣಿಕೆಯಾಗುತ್ತದೆ. ಕೆಲವು ಹತ್ತು ವರ್ಷದವರೆಗೂ ಏರುತ್ತಲೇ ಹೋಗುತ್ತವೆ. ಕೆಲವು ಐದಕ್ಕೇ ಸಪ್ಪೆಯಾಗುತ್ತವೆ. ಘಾಟು ಮಾತ್ರ ಯಾವ ಕಾಲಕ್ಕೂ ಏರುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಈ ಕೊನೆಯ ಮಾತು ಬಹಳ ಜನಕ್ಕೆ ಹಿಡಿಸುತ್ತಿರಲಿಲ್ಲ. ದಪ್ಪ ಮೀಸೆಯ ಹಡಗಿನವನೊಬ್ಬ, ಹಳೇ ಚುರುಟು ಅಂದರೆ ಎದೆಗೆ ಒದ್ದ ಹಾಗಿರಬೇಕು ಎಂದು ವಾದಕ್ಕೆ ನಿಂತಾಗ, ಒದೆಸಿಕೊಳ್ಳುವ ಆಸೆಯಿದ್ದರೆ ಕುದುರೆ ಲಾಯಕ್ಕೆ ಹೋಗಿ ಎಂದು ದೊಡ್ಡಪ್ಪ ದಾರಿ ತೋರಿಸಿದ್ದರಂತೆ. ಇದನ್ನು ಅಪ್ಪ ಕೈಸನ್ನೆ ಬಾಯಿಸನ್ನೆ ಸಮೇತ ಮನೆಯಲ್ಲಿ ಮಾಡಿ ತೋರಿಸುತ್ತಿದ್ದ.

ಅಪ್ಪ ಅದೇ ಕಾರ್ಖಾನೆಯಲ್ಲಿ ಚುರುಟಿನ ಪೆಟ್ಟಿಗೆ ಮಾಡುವ ಬಡಗಿ. ನಾನು ಸುತ್ತುವ ಮೇಜಿನಲ್ಲಿದ್ದೆ. ಆಗ ನನಗೆ ಇಪ್ಪತ್ತಾರು. ಅಮ್ಮ ಮೊದಲು ಎಲೆಯ ನಾರು ಬಿಡಿಸುವ ಕೆಲಸದಲ್ಲಿದ್ದವಳು, ಕೆಮ್ಮು ಹತ್ತಿದ ಮೇಲೆ ಮನೆಯಲ್ಲೇ ಉಳಿದಳು. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಇಸ್ತ್ರಿ ಅಂಗಡಿಯ ಮಹಡಿಯ ಮೇಲೆ ನಮ್ಮ ಎರಡೂವರೆ ಕೋಣೆ. ಆ ಅರ್ಧ ಕೋಣೆ ದೊಡ್ಡಪ್ಪನದು. ಅವರು ಮದುವೆಯಾಗಲಿಲ್ಲ. ಅಪ್ಪನಿಗೆ ಏಳು ವರ್ಷವಿದ್ದಾಗ ಇಬ್ಬರೂ ತಬ್ಬಲಿಗಳಾದರು, ಹದಿನೆಂಟರ ದೊಡ್ಡಪ್ಪ ತಮ್ಮನನ್ನು ಸಾಕಿದರು. ಅಪ್ಪನಿಗೆ ಐವತ್ತೆರಡಾದರೂ ಊಟಕ್ಕೆ ಕೂತಾಗ ಅವನ ತಟ್ಟೆಯ ಕಡೆ ಅವರ ಕಣ್ಣು ಒಮ್ಮೆ ಹೋಗಿ ಬರುತ್ತಿತ್ತು.

ಹಳೆಯ ಯಜಮಾನರು ತೀರಿಕೊಂಡ ವರ್ಷ ಅವರ ಮಗಳ ಗಂಡ ಬಂದು ಕುರ್ಚಿಯಲ್ಲಿ ಕೂತರು. ಅದಕ್ಕೆ ಮೊದಲು ಗಾಜು ಮಾರುತ್ತಿದ್ದವರು. ಐವತ್ತು ದಾಟಿದ್ದರೂ ಎಲ್ಲರ ಬಾಯಲ್ಲಿ ಅವರು ಅಳಿಯಂದಿರೇ. ಕೆಟ್ಟವರೆಂದು ಹೇಳಲಾರೆ. ಆದರೆ ಯಾವುದಕ್ಕೂ ಕಾಯುವ ಸ್ವಭಾವ ಅವರದಲ್ಲ. ಮಾಗುವ ಕೋಣೆಗೆ ಮೊದಲ ದಿನ ಕಾಲಿಟ್ಟಾಗಲೇ, ಇಷ್ಟೊಂದು ಸರಕು ಇಲ್ಲಿ ನಿದ್ದೆ ಹೊಡೀತಾ ಇದೆಯಲ್ಲ ಎಂದಿದ್ದರು.

ಮರುವರ್ಷ ದೊಡ್ಡ ದೊಡ್ಡ ಹೋಟೆಲುಗಳಿಗೆ ಸರಕು ಒದಗಿಸುವ ಒಬ್ಬ ಖರೀದಿದಾರ ಬಂದು, ಹತ್ತು ವರ್ಷ ಮಾಗಿದ ಚುರುಟು ಮೂರು ಸಾವಿರ ಬೇಕು, ಐದು ತಿಂಗಳೊಳಗೆ ಬೇಕು ಎಂದ. ದೊಡ್ಡಪ್ಪನ ಗೂಡುಗಳಲ್ಲಿ ಆ ವಯಸ್ಸಿನವು ನಾನೂರೂ ಇರಲಿಲ್ಲ. ಅಳಿಯಂದಿರು ಆಗಲಿ ಎಂದುಬಿಟ್ಟರು. ಅವರ ತಲೆಯಲ್ಲಿ ಆಗಲೇ ಒಂದು ಉಪಾಯವಿತ್ತು. ಸಣ್ಣ ಕೋಣೆಯೊಂದನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಬಿಸಿ ಮತ್ತು ಹಬೆ ನಿಲ್ಲಿಸಿದರೆ ಹತ್ತು ವರ್ಷದ ಕೆಲಸ ನಲವತ್ತು ದಿನದಲ್ಲಿ ಆಗುತ್ತದಂತೆ. ಯಾರಿಗೂ ಹೇಳದೆ ಐವತ್ತು ಚುರುಟುಗಳನ್ನು ಹಾಗೆ ಮಾಡಿಯೂ ನೋಡಿದ್ದರು. ದೊಡ್ಡಪ್ಪ ಕೇಳಿ, ಅದು ಬೇಯುವುದು, ಮಾಗುವುದಲ್ಲ ಎಂದರು. ಅಂಥದ್ದರ ಮೇಲೆ ಹತ್ತು ವರ್ಷದ ಚೀಟಿ ಅಂಟಿಸಲು ತಾವಿರುವವರೆಗೂ ಬಿಡುವುದಿಲ್ಲ ಎಂದೂ ಸೇರಿಸಿದರು. ಇಬ್ಬರ ಮಾತು ಬೆಳೆಯಿತು. ಕೊನೆಗೆ ಅಳಿಯಂದಿರು, ಹಾಗಾದರೆ ಎಲ್ಲರ ಎದುರು ಸೇದಿ ಹೇಳಿ, ತಪ್ಪಾದರೆ ನೀವು ಬಾಯಿ ಹಾಕಬಾರದು, ಸರಿಯಾದರೆ ನಾನು ಈ ಮಾತೇ ಎತ್ತುವುದಿಲ್ಲ ಎಂದರು. ದೊಡ್ಡಪ್ಪ ನಕ್ಕುಬಿಟ್ಟರಂತೆ. ಅವರಿಗೆ ಅದು ಬಲಗೈ ಯಾವುದು ಎಡಗೈ ಯಾವುದು ಎಂದು ಕೇಳಿದ ಹಾಗಿತ್ತು.

ಅದೇ ವಾರ ಇನ್ನೊಂದು ಸುದ್ದಿ ಅಪ್ಪನ ಕಿವಿಗೆ ಬಿದ್ದಿತ್ತು. ಇನ್ನು ಮೇಲೆ ಪೆಟ್ಟಿಗೆಗಳು ಯಂತ್ರದಲ್ಲಿ ತಯಾರಾಗಿಯೇ ಹೊರಗಿನಿಂದ ಬರುತ್ತವೆ, ಬಡಗಿ ಬೇಕಿಲ್ಲ. ಬಿಸಿ ಕೋಣೆ ನಡೆಯುವುದಾದರೆ ಮಾತ್ರ ಅದನ್ನು ಕಟ್ಟಿ ನೋಡಿಕೊಳ್ಳಲು ಒಬ್ಬ ಬೇಕಾಗುತ್ತಾನೆ. ಅಪ್ಪನ ಎಡಗೈಯ ಎರಡು ಬೆರಳುಗಳನ್ನು ಗರಗಸ ತಿಂದು ಎಷ್ಟೋ ವರ್ಷವಾಗಿತ್ತು. ಬೇರೆಲ್ಲೂ ಅವನಿಗೆ ಕೆಲಸ ಕೊಡುತ್ತಿರಲಿಲ್ಲ. ಅವನು ಇದನ್ನು ಅಮ್ಮನಿಗೂ ನನಗೂ ಹೇಳಿ, ಅಣ್ಣನ ಕಿವಿಗೆ ಬೀಳಬಾರದು ಎಂದು ಕಟ್ಟುನಿಟ್ಟು ಮಾಡಿದ. ಅಣ್ಣ ಗೆಲ್ಲಬೇಕು, ನನ್ನದು ಹೇಗೋ ಆಗುತ್ತೆ ಎಂದ.

ಪರೀಕ್ಷೆ ನಡೆದದ್ದು ಮಧ್ಯಾಹ್ನ, ಸುತ್ತುವ ಮೇಜುಗಳ ನಡುವೆಯೇ. ನಾವು ನಲವತ್ತು ಜನ ಕೈಕೆಲಸ ಬಿಟ್ಟು ನಿಂತೆವು. ಗುರುತಿನ ಕಾಗದದ ಪಟ್ಟಿ ತೆಗೆದ ಮೂರು ಚುರುಟುಗಳು ಬಟ್ಟೆಯ ಮೇಲಿದ್ದವು: ಒಂದು ಹೊಸದು, ಒಂದು ಹತ್ತು ವರ್ಷದ್ದು, ಒಂದು ಬಿಸಿಯಲ್ಲಿ ಇಟ್ಟದ್ದು. ದೊಡ್ಡಪ್ಪ ಮೂರನ್ನೂ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿ ನೋಡಿದರು, ಮೂಸಿದರು, ತುದಿ ಕತ್ತರಿಸಿದರು. ಹೊಸದನ್ನು ಎರಡೇ ದಮ್ಮಿಗೆ ಗುರುತಿಸಿ ಪಕ್ಕಕ್ಕಿಟ್ಟರು. ಉಳಿದ ಎರಡನ್ನು ಮೂರನೇ ಒಂದು ಭಾಗದಷ್ಟು ಸೇದಿದರು, ನಡುವೆ ನೀರು ಕುಡಿದರು. ಬೂದಿ ತಾನಾಗಿ ಬೀಳುವವರೆಗೂ ಕಾದರು. ಬಹಳ ಹೊತ್ತು ಹಿಡಿಯಿತು. ಆಮೇಲೆ ಬಲಗಡೆಯದನ್ನು ತೋರಿಸಿ ಇದು ಹತ್ತು ವರ್ಷದ್ದು ಎಂದರು.

ಅದು ಬಿಸಿಯಲ್ಲಿ ಇಟ್ಟದ್ದು.

ಅಳಿಯಂದಿರಿಗೂ ಗೆದ್ದ ಖುಷಿಗಿಂತ ಮುಜುಗರವೇ ಹೆಚ್ಚಾದಂತೆ ಕಂಡಿತು. ವಯಸ್ಸಾಯ್ತು, ನಾಲಿಗೆ ಎಷ್ಟು ದಿನ ಅಂತ ಕೆಲಸ ಮಾಡೀತು ಎಂದು ಯಾರನ್ನೋ ಸಮಾಧಾನ ಮಾಡುವವರಂತೆ ಹೇಳಿದರು. ದೊಡ್ಡಪ್ಪ ತಲೆಯಾಡಿಸಿ, ಎರಡೂ ಚುರುಟನ್ನು ನಂದಿಸಿ, ಮಾಗುವ ಕೋಣೆಗೆ ಹೊರಟುಹೋದರು. ನಾನು ಕೈಯಲ್ಲಿದ್ದ ಎಲೆ ಹರಿದುಕೊಂಡೆ. ಚಿಕ್ಕಂದಿನಿಂದ ನೋಡಿದ ನಾನು, ಅವರು ತಪ್ಪುತ್ತಾರೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅಂದು ಸಂಜೆ ಮನೆಯಲ್ಲಿ ಅಪ್ಪ ಹಡಗಿನವನ ಪ್ರಸಂಗ ತೆಗೆದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಅಪ್ಪ ಕಾರ್ಖಾನೆಯ ಹಿತ್ತಲಿನ ಹಳೆಯ ಸಾಮಾನು ಕೋಣೆಯನ್ನು ಹದಿನೈದು ದಿನದಲ್ಲಿ ಬಿಸಿ ಕೋಣೆ ಮಾಡಿದ. ಒಳಗೆಲ್ಲ ಹಲಗೆ ಹೊದಿಸಿ, ಸಂದುಗಳಿಗೆ ಮೇಣ ತುಂಬಿ, ಬಾಗಿಲಿನ ಅಂಚಿಗೆ ದಪ್ಪ ಬಟ್ಟೆ ಬಡಿದ. ಅವನ ಕೆಲಸ ಅಂದರೆ ಕೆಲಸ. ಬಾಗಿಲು ಹಾಕಿದರೆ ಬೆಳಕಿನ ಒಂದು ಗೆರೆಯೂ ಒಳಗೆ ಹೋಗುತ್ತಿರಲಿಲ್ಲ. ಮೊದಲು ವಿದ್ಯುತ್ ಒಲೆ ಇಟ್ಟರು, ಎಲೆ ಒಣಗಿ ಸಿಡಿಯಿತು. ಆಮೇಲೆ ನಾಲ್ಕು ಮಣ್ಣಿನ ಅಗ್ಗಿಷ್ಟಿಕೆಗಳಲ್ಲಿ ಇದ್ದಿಲು ಹಾಕಿ ಮೇಲೆ ನೀರಿನ ಬಾಣಲೆ ಇಟ್ಟರು. ಅದು ಕೈಹಿಡಿಯಿತು. ಅಪ್ಪ ದಿನಕ್ಕೆ ಐದಾರು ಸಲ ಒಳಗೆ ಹೋಗಿ ಕೆಂಡ ಕೆದಕಿ, ನೀರು ತುಂಬಿ, ಚುರುಟು ಹೊರಳಿಸಿ ಬರಬೇಕು.

ಮೂರನೇ ವಾರಕ್ಕೆ ಅವನಿಗೆ ತಲೆನೋವು ಶುರುವಾಯಿತು. ಮನೆಗೆ ಬಂದವನೇ ಮಂಚಕ್ಕೆ ಬೀಳುತ್ತಿದ್ದ. ಕೆನ್ನೆ ಕೆಂಪಗಾಗಿರುತ್ತಿತ್ತು. ಮದುವೆ ಗಂಡಿನ ಕಳೆ ಬಂದಿದೆ ನೋಡು ಎಂದು ಅಮ್ಮನನ್ನು ರೇಗಿಸುತ್ತಿದ್ದ. ಒಂದು ದಿನ ದೊಡ್ಡಪ್ಪ, ಆ ಕೋಣೆಗೆ ಗಾಳಿಕಂಡಿ ಬೇಕು ಎಂದು ಅಳಿಯಂದಿರ ಹತ್ತಿರ ಹೋದರು. ಹಬೆಯೆಲ್ಲ ಹೊರಗೆ ಹೋದರೆ ಕೋಣೆ ಯಾಕೆ, ಈ ವಿಷಯದಲ್ಲಿ ಬಾಯಿ ಹಾಕುವುದಿಲ್ಲ ಅಂತ ನೀವೇ ಒಪ್ಪಿದ್ದಲ್ಲವೇ ಎಂದು ಅವರು ಕೇಳಿದರು. ದೊಡ್ಡಪ್ಪ ಮಾತು ಬೆಳೆಸದೆ ಬಂದು, ಅಪ್ಪನದೇ ಬೈರಿಗೆ ತೆಗೆದುಕೊಂಡು ಬಾಗಿಲಿನ ಕೆಳಗೆ ಮೂರು ತೂತು ಕೊರೆದರು. ಮಾರನೆಯ ದಿನ ಅಪ್ಪ ಮೂರಕ್ಕೂ ಬೆಣೆ ಹೊಡೆದ. ಅಷ್ಟು ಚೆಂದದ ಬಾಗಿಲಿಗೆ ಹುಳ ಹೊಡೆದ ಹಾಗೆ ಮಾಡಿಟ್ಟಿದ್ದಾನೆ ಅಣ್ಣ ಎಂದು ನನ್ನ ಹತ್ತಿರ ಹೇಳಿ ನಕ್ಕ. ನಾನೂ ನಕ್ಕೆ. ಆ ನಗುವನ್ನು ನನಗೆ ಇವತ್ತಿಗೂ ಕ್ಷಮಿಸಿಕೊಳ್ಳಲು ಆಗಿಲ್ಲ.

ಕೊನೆಯ ವಾರದಲ್ಲಿ ಒಂದು ರಜೆಯ ದಿನ ಬಂತು. ಬೆಳಿಗ್ಗೆ ತಿಂಡಿ ತಿಂದು, ಕೆಂಡ ನೋಡಿ ಬರುತ್ತೇನೆ ಎಂದು ಅಪ್ಪ ಎದ್ದ. ಅಮ್ಮ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಅವು ಒಣಗುವುದರೊಳಗೆ ಬಂದು ಮಡಿಚಿಕೊಡುತ್ತೇನೆ ಎಂದ. ಬಟ್ಟೆ ಒಣಗಿತು. ಊಟದ ಹೊತ್ತಾಯಿತು. ಅಮ್ಮ ಎರಡು ಸಲ ಕಿಟಕಿಗೆ ಹೋಗಿ ಬಂದು, ಯಾರ ಜೊತೆ ಹರಟೆಗೆ ನಿಂತಿದ್ದಾರೋ ನೋಡಿಕೊಂಡು ಬಾ ಎಂದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಕಾರ್ಖಾನೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಹಿತ್ತಲಿನ ಬಿಸಿ ಕೋಣೆಯ ಬಾಗಿಲು ಬಿಗಿಯಾಗಿ ಮುಚ್ಚಿತ್ತು, ಎರಡು ಸಲ ಎಳೆದ ಮೇಲೆ ಬಂತು. ಬಿಸಿ ಮುಖಕ್ಕೆ ಹೊಡೆಯಿತು. ಒಳಗೆ ಹದವಾದ ಸಿಹಿ ವಾಸನೆ. ಅಪ್ಪ ಗೂಡುಗಳಿಗೆ ಬೆನ್ನು ಕೊಟ್ಟು ಕೂತಿದ್ದ, ಕಾಲು ಚಾಚಿ, ದಣಿದವನು ಒಂದು ಗಳಿಗೆ ಕೂತ ಹಾಗೆ. ಮಡಿಲಲ್ಲಿ ಹೊರಳಿಸಲೆಂದು ತೆಗೆದ ಏಳೆಂಟು ಚುರುಟುಗಳಿದ್ದವು. ಕೆನ್ನೆ ಹಣ್ಣಿನಂತೆ ಕೆಂಪಗಿತ್ತು. ಅದನ್ನು ನೋಡಿ ಬದುಕಿದ್ದಾನೆ ಎಂದೇ ನಾನು ನಂಬಿದೆ. ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದೆ, ಮುಖಕ್ಕೆ ನೀರು ಚಿಮುಕಿಸಿದೆ, ಎದೆ ಒತ್ತಿದೆ, ಕೆನ್ನೆಗೆ ಹೊಡೆದೆ. ನನ್ನ ಕೂಗು ಕೇಳಿ ಇಸ್ತ್ರಿ ಅಂಗಡಿಯವನೂ ಅವನ ಹಿಂದೆ ದೊಡ್ಡಪ್ಪನೂ ಓಡಿಬಂದರು. ದೊಡ್ಡಪ್ಪ ಮಂಡಿಯೂರಿ ಕೂತು ತಮ್ಮನ ಕುತ್ತಿಗೆಗೆ ಎರಡು ಬೆರಳು ಇಟ್ಟು ನೋಡಿದರು. ಆಮೇಲೆ ಅವನ ಅಂಗಿಯ ಗುಂಡಿ ಹಾಕತೊಡಗಿದರು. ನಾನು ಬಿಚ್ಚಿದ್ದ ಗುಂಡಿಗಳು. ಒಂದೊಂದಾಗಿ ಎಲ್ಲವನ್ನೂ ಹಾಕಿದರು. ಇದ್ದಿಲು ಮುಚ್ಚಿದ ಕೋಣೆಯಲ್ಲಿ ಉರಿದರೆ ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತದೆ, ಅದಕ್ಕೇ ಆ ಕೆಂಪು ಎಂದು ಡಾಕ್ಟರು ಆಮೇಲೆ ಹೇಳಿದರು.

ಹನ್ನೆರಡನೆಯ ದಿನ ತನಿಖೆ ನಡೆಯಿತು. ಸರ್ಕಾರದ ಕಡೆಯಿಂದ ಬಂದ ಅಧಿಕಾರಿ ಚುರುಟು ಕಟ್ಟುವ ಕೋಣೆಯಲ್ಲೇ ಮೇಜು ಹಾಕಿಸಿಕೊಂಡು ಕೂತ. ಬಾಗಿಲನ್ನು ತೆರೆದಿಟ್ಟು ಕೆಲಸ ಮಾಡಬೇಕು ಎಂದು ತಾವು ಹೇಳಿದ್ದಾಗಿಯೂ, ಅಪ್ಪನೇ ಕೇಳಲಿಲ್ಲವೆಂದೂ ಅಳಿಯಂದಿರು ಹೇಳಿದರು. ನಾವ್ಯಾರೂ ಅವರು ಹಾಗೆ ಹೇಳಿದ್ದನ್ನು ಕೇಳಿರಲಿಲ್ಲ. ಗಾಳಿಗೆಂದು ಕೊರೆದ ತೂತುಗಳನ್ನು ನಿಮ್ಮಪ್ಪನೇ ಮುಚ್ಚಿದ್ದನಂತಲ್ಲ ಎಂದು ಅಧಿಕಾರಿ ನನ್ನನ್ನು ಕೇಳಿದಾಗ ಹೌದು ಎನ್ನಬೇಕಾಯಿತು. ಎಲ್ಲ ಮುಗಿಯಿತು ಎನ್ನುವಾಗ ದೊಡ್ಡಪ್ಪ ಎದ್ದು ನಿಂತರು.

"ಅವತ್ತು ಯಾವುದು ಹತ್ತು ವರ್ಷದ್ದು ಅಂತ ನನಗೆ ಗೊತ್ತಿತ್ತು," ಎಂದರು. "ಮೂಸಿದ ಕೂಡ್ಲೇ ಗೊತ್ತಾಯ್ತು. ಬೇಕಂತಲೇ ತಪ್ಪು ಹೇಳಿದೆ. ನಾನು ನಿಜ ಹೇಳಿದ್ರೆ ಆ ಕೋಣೆ ಕಟ್ತಾನೇ ಇರಲಿಲ್ಲ."

ಅಧಿಕಾರಿ ಯಾಕೆ ಎಂದು ಕೇಳಿದ. ದೊಡ್ಡಪ್ಪ ತಮ್ಮ ಜಾಗಕ್ಕೆ ಮರಳಿ ಕೂತರು. ಅಳಿಯಂದಿರು, ಸೋತವರು ಏನಾದರೂ ಹೇಳಬೇಕಲ್ಲ ಎಂದರು. ಇದಕ್ಕೂ ಸಾವಿಗೂ ಸಂಬಂಧವಿಲ್ಲ ಎಂದು ಅಧಿಕಾರಿ ಕಾಗದ ಮಡಿಚಿಟ್ಟ.

ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ದೊಡ್ಡಪ್ಪನನ್ನು ಅಡ್ಡಗಟ್ಟಿ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ. ಅಳಿಯಂದಿರು ಏನಾದರೂ ಆಸೆ ತೋರಿಸಿದರೇ ಎಂದೂ ಕೇಳಿದೆ. ಅವರು ಗೋಡೆ ನೋಡುತ್ತ ನಿಂತರು. ಅಮ್ಮ ಒಳಗಿನಿಂದ ಬಂದವಳು ಹೊಸ್ತಿಲಲ್ಲೇ ನಿಂತು, ತಿರುಗಿ ಒಳಗೆ ಹೋದಳು. ಅವತ್ತಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ. ಅಮ್ಮನೂ ಮಾತಾಡುತ್ತಿರಲಿಲ್ಲ. ಊಟ ಬಡಿಸುವಳು, ಬಟ್ಟೆ ಒಗೆದಿಡುವಳು, ಒಂದು ಮಾತಿಲ್ಲ. ಅವಳಿಗೂ ನನ್ನಷ್ಟೇ ಸಿಟ್ಟು ಎಂದುಕೊಂಡೆ. ಬೇರೆ ಮನೆ ಹುಡುಕಿಕೊಂಡು ಹೋಗಿ ಎಂದು ಹೇಳುವಷ್ಟು ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ, ಹೋಗುವಷ್ಟು ಶಕ್ತಿ ಅವರಿಗೂ ಇರಲಿಲ್ಲ. ಎರಡೂವರೆ ಕೋಣೆಯಲ್ಲಿ ಮೂರು ಜನ ನಾಲ್ಕು ವರ್ಷ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡಿದೆವು.

ಮೂರು ಸಾವಿರ ಚುರುಟು ಹೇಳಿದ ದಿನಕ್ಕೆ ಹೋದವು. ಅಪ್ಪನ ಮಡಿಲಲ್ಲಿದ್ದವೂ ಅದರಲ್ಲೇ ಸೇರಿದವು. ಎಲ್ಲದರ ಮೇಲೂ ಹತ್ತು ವರ್ಷ ಮಾಗಿದ್ದು ಎಂಬ ಚೀಟಿ. ಎರಡು ತಿಂಗಳಿಗೆ ಖರೀದಿದಾರನಿಂದ ಕಾಗದ ಬಂತು. ಇಂಥ ಹದ ಎಲ್ಲೂ ಸಿಕ್ಕಿಲ್ಲ, ಇನ್ನೂ ಐದು ಸಾವಿರ ಕಳಿಸಿ ಎಂದು. ಅಳಿಯಂದಿರು ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗಿದರು. ಬಿಸಿ ಕೋಣೆಗೆ ಹೊಗೆಕೊಳವೆ ಬಂತು, ಬೇರೊಬ್ಬನು ಅದನ್ನು ನೋಡಿಕೊಳ್ಳತೊಡಗಿದ. ದೊಡ್ಡಪ್ಪ ಚುರುಟು ಹೊರಳಿಸಿಕೊಂಡು ತಮ್ಮ ತಣ್ಣನೆಯ ಕೋಣೆಯಲ್ಲೇ ಇದ್ದರು. ಯಾರಾದರೂ ಬಂದು ಹಳತಾದರೆ ರುಚಿ ಹೆಚ್ಚುತ್ತಾ ಎಂದು ಕೇಳಿದರೆ, ನನಗೆ ತಿಳಿಯದು, ಒಳಗೆ ಯಜಮಾನರನ್ನು ಕೇಳಿ ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಅವರ ಎದೆಯಲ್ಲಿ ಗಡ್ಡೆ ಎಂದು ತಿಳಿಯಿತು. ಡಾಕ್ಟರು ತಿಂಗಳ ಲೆಕ್ಕ ಹೇಳಿದರು. ಆಸ್ಪತ್ರೆಯಿಂದ ಕರೆತಂದು ಅರ್ಧ ಕೋಣೆಯಲ್ಲಿ ಮಲಗಿಸಿ ಬಂದ ದಿನ ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ.

"ಪರೀಕ್ಷೆ ದಿನ ಬೆಳಿಗ್ಗೆ ನಾನು ಭಾವನ ಹತ್ತಿರ ಹೋಗಿ ಕೇಳ್ಕೊಂಡೆ," ಎಂದಳು. "ನೀವು ಗೆದ್ರೆ ನಿಮ್ಮ ತಮ್ಮನ ಕೆಲಸ ಹೋಗತ್ತೆ, ಸೋತುಬಿಡಿ ಅಂದೆ. ಆಗ್ಲಿ ಅಂತಾನೂ ಅನ್ನಲಿಲ್ಲ, ಆಗಲ್ಲ ಅಂತಾನೂ ಅನ್ನಲಿಲ್ಲ. ಚಪ್ಪಲಿ ಹಾಕ್ಕೊಂಡು ಹೋದ್ರು."

ನಲ್ಲಿಯಿಂದ ನೀರು ಹರಿಯುತ್ತಲೇ ಇತ್ತು. ನಾಲ್ಕು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದಳಂತೆ. ಅವರ ಮುಖ ನೋಡಿದರೆ ತನ್ನ ಮಾತೇ ಎದುರಿಗೆ ನಿಂತ ಹಾಗಾಗುತ್ತಿತ್ತಂತೆ. ಅದಕ್ಕೇ ಮಾತು ಬಿಟ್ಟದ್ದು, ಸಿಟ್ಟಿನಿಂದಲ್ಲ.

ಮಾರನೆಯ ಬೆಳಿಗ್ಗೆ ನಾನು ಅವರ ಮಂಚದ ಹತ್ತಿರ ಹೋಗಿ ಕೂತೆ. ನಾಲ್ಕು ವರ್ಷದ ಮೇಲೆ ಏನೆಂದು ಶುರುಮಾಡಬೇಕೋ ತಿಳಿಯದೆ, ಅಮ್ಮ ಹೇಳಿದಳು ಎಂದೆ. ಕಣ್ಣು ಮುಚ್ಚಿಕೊಂಡಿದ್ದವರು ಬಿಟ್ಟರು. ಮುಖದಲ್ಲಿ ನಿರಾಳ ಕಾಣಬಹುದು ಎಂದುಕೊಂಡಿದ್ದೆ. ಕಂಡದ್ದು ಸಿಟ್ಟು.

"ಅವಳಿಗೇನು ಬಂದಿತ್ತು ಹೇಳೋಕೆ," ಎಂದರು. ಉಸಿರು ಸಾಲದೆ ಎರಡು ಸಲ ಎಳೆದುಕೊಂಡರು. "ನಾನು ಹೇಗೂ ಹೋಗೋನು. ನೀನಿನ್ನು ಅವಳ ಜೊತೆ ಮಾತು ಬಿಡ್ತೀಯ. ಬಿಡಬೇಡ."

ನಾನು ಬಿಡುವುದಿಲ್ಲ ಎಂದೆ. ಅವರ ಅಂಗಾಲು ತಣ್ಣಗಿತ್ತು, ಉಜ್ಜಿದೆ. ಬೇಡ ಎನ್ನಲಿಲ್ಲ. ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಅವಳು ಒಳಗೆ ಬಂದು ಇನ್ನೊಂದು ಕಾಲು ಹಿಡಿದಳು. ಗಂಜಿ ಕುಡೀತೀರಾ ಭಾವ ಎಂದು ಕೇಳಿದಳು. ಸ್ವಲ್ಪ ಕೊಡು ಎಂದರು. ಅವರಿಬ್ಬರ ನಡುವೆ ಆ ನಾಲ್ಕು ವರ್ಷದಲ್ಲಿ ಆದ ಮೊದಲ ಮಾತು ಅದು. ದೊಡ್ಡದೇನನ್ನೂ ಅವರು ಆಮೇಲೂ ಮಾತಾಡಿಕೊಳ್ಳಲಿಲ್ಲ. ಗಂಜಿ, ಔಷಧಿ, ದಿಂಬು, ಕಿಟಕಿ ತೆಗೆಯಲೋ ಹಾಕಲೋ, ಇಷ್ಟೇ. ಹತ್ತೊಂಬತ್ತನೆಯ ದಿನ ದೊಡ್ಡಪ್ಪ ಹೋದರು.

ಅದಾದ ಮೇಲೆ ನಾನು ಕಾರ್ಖಾನೆ ಬಿಟ್ಟೆ. ಈಗ ಒಂದು ಪುಸ್ತಕ ಕಟ್ಟುವ ಅಂಗಡಿಯಲ್ಲಿದ್ದೇನೆ. ಕೈಗೆ ಅಂಟಿನ ವಾಸನೆ ಹತ್ತಿದೆ. ಅಮ್ಮ ನನ್ನ ಜೊತೆಗಿದ್ದಾಳೆ. ದೊಡ್ಡಪ್ಪನಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ, ಆದರೆ ಸುಲಭವಾಗಿ ಅಲ್ಲ. ಕೆಲವು ದಿನ ಬೆಳಗಿನಿಂದ ನಾನು ಒಂದಕ್ಕೂ ಉತ್ತರ ಕೊಡುವುದಿಲ್ಲ. ಆಗ ಅವಳು ಯಾಕೆಂದು ಕೇಳದೆ ಸುಮ್ಮನೆ ಕಾಯುತ್ತಾಳೆ. ಸಂಜೆಯ ಹೊತ್ತಿಗೆ ನಾನೇ ಏನೋ ಒಂದು ಕೇಳುತ್ತೇನೆ, ಸೋಪು ಮುಗಿದಿದೆಯಾ, ಬಾಗಿಲು ಹಾಕಿದ್ದೀಯಾ ಎಂದು. ಅವಳು ಉತ್ತರ ಕೊಡುತ್ತಾಳೆ.